ತಂಬಿಗಿ ಎಣಿಸೋ ಮೊದಲು

ಮಾನ್ವಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅಳಲಿಲ್ಲ, ನಿನ್ನ ಬೈಯಲೂ ಇಲ್ಲ. "ಈಗ ಎಣಿಸಿ ಜಳಕ ಮಾಡ್ತೀನಪ್ಪ ತಮ್ಮಾ, ಹತ್ತು ತಂಬಿಗಿ" ಅಂದಳು, ಅಷ್ಟೇ. ನೀ ಹಾಕಿದ ಕಾಯ್ದೆ ಅಂತ. ಬಳ್ಳಾರಿ ಬಿಸಿಲಾಗ, ಮೊಣಕಾಲು ನೋವಿನ ಹೆಣ್ಮಗಳಿಗೆ ಹತ್ತು ತಂಬಿಗಿ! ನೀರು ಉಳಿಸಬೇಕು ಅನ್ನೋ ನಿನ್ನ ಮನಸಿಗೆ ನಾ ಅಡ್ಡ ಬರಂಗಿಲ್ಲ. ಕಾಲುವಿ ಕೊನೀ ಭಾಗದ ರೈತ ನಾನು, ನೀರಿನ ಬೆಲೆ ನನಗ ಯಾರೂ ಕಲಿಸಬೇಕಿಲ್ಲ. ಆದರ ನೀ ಹುಡುಕಿದ ಜಾಗ ತಪ್ಪು.

ನಾನೂ ಹಿಂಗೇ ಮಾಡಿ ಮುಖ ಸಣ್ಣದು ಮಾಡ್ಕೊಂಡವ. ಹೋದ ವರ್ಷ ನಮ್ಮ ಮ್ಯಾಲಿನ ಟ್ಯಾಂಕ್ ಬರಬೇಕಾದಷ್ಟು ದಿನ ಬರವಲ್ದಾತು. ಸೊಸಿ ಬಟ್ಟಿ ಒಗಿಯೋದು ಜಾಸ್ತಿ ಅಂತ ನನ್ನ ಲೆಕ್ಕ. ಬಾಯಿ ಬಿಟ್ಟು ಅಂದೂ ಬಿಟ್ಟೆ. ಮೂರು ತಿಂಗಳು ಆಕಿ ಸುಮ್ಮನ ಕೇಳಿಸಿಕೊಂಡಳು. ಕಡೀಗೆ ಒಂದು ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಟ್ಯಾಂಕಿನೊಳಗ ಕೋಲು ಇಳಿಸಿ ಮಟ್ಟಕ್ಕ ಗುರುತು ಹಾಕಿದೆ. ಬೆಳಕು ಹರಿಯೋದ್ರಾಗ ನಾಲ್ಕು ಬೆರಳು ಇಳಿದಿತ್ತು. ಸಾವಿರ ಲೀಟರಿನ ಟ್ಯಾಂಕಿನಾಗ ನಾಲ್ಕು ಬೆರಳು ಅಂದ್ರ 60 ಲೀಟರಿಗೆ ಕಡಿಮಿ ಇಲ್ಲ. ಒಬ್ಬರೂ ನಳ ಮುಟ್ಟಿರಲಿಲ್ಲ.

ಹೋಗತಿದ್ದದ್ದು ಕಮೋಡಿನಾಗ. ಫ್ಲಶ್ ಟ್ಯಾಂಕಿನ ತಳದಾಗ ಒಂದು ರಬ್ಬರ್ ಇರ್ತೈತಿ, ನೀರು ತಡಿಯೋದು ಅದೇ. ಬೋರಿನ ಸವಳು ನೀರು ಬಿಳಿ ಪೊರಿ ಕಟ್ಟಿದ ಮ್ಯಾಲ ಅದು ಸರಿಯಾಗಿ ಕೂಡಂಗಿಲ್ಲ. ನೀರು ಎಳಿ ಎಳಿಯಾಗಿ ಇಳೀತೈತಿ, ಸದ್ದಿಲ್ಲ, ಬಿಳಿ ಪಿಂಗಾಣಿ ಮ್ಯಾಲ ಕಣ್ಣಿಗೂ ಕಾಣಂಗಿಲ್ಲ. ನೀ ಮೊದಲು ಇದನ್ನ ನೋಡು. ಬಟ್ಟಿಗೆ ಹಾಕೋ ನೀಲಿ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು, ಅರ್ಧ ತಾಸು ಯಾರೂ ಒಳಗ ಹೋಗಬ್ಯಾಡ್ರಿ. ಫ್ಲಶ್ ಮಾಡದೇ ಕೆಳಗ ನೀಲಿ ಕಂಡ್ರ ರಬ್ಬರ್ ಕೆಟ್ಟೈತಿ ಅಂತ ತಿಳಿ.

2024ರ ಆಗಸ್ಟ್ 10ರ ರಾತ್ರಿ ನೆನಪೈತೇನು? ತುಂಗಭದ್ರಾ ಡ್ಯಾಮಿಗೆ 33 ಗೇಟು. 19ನೇದರ ಚೈನು ಹರಿದು ಗೇಟು ಕೊಚ್ಚಿ ಹೋತು. ತುಂಬಿದ ಡ್ಯಾಮು. ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಕಬ್ಬಿಣದ ಹಲಗಿ ಇಳಿಸಿ ನೀರು ನಿಲ್ಲಿಸೋತನಕ ಇಲ್ಲಿ ನಮಗ ನಿದ್ದಿ ಇಲ್ಲ. 133 ಟಿಎಂಸಿ ಹಿಡಿಯಲಿ ಅಂತ ಕಟ್ಟಿದ ಡ್ಯಾಮು ಹೂಳು ತುಂಬಿ ಮೊದಲೇ 105ರ ಆಸುಪಾಸಿಗೆ ಇಳಿದೈತಿ, ಅದರಾಗ ಇದೊಂದು. ನಾವು ಎಡದಂಡಿಯವರು, ನೀವು ಬಲದಂಡಿಯವರು. ಬಳ್ಳಾರಿಗೆ ಕುಡಿಯೋ ನೀರು ಕೊಡೋ ನಿಮ್ಮ ಅಲ್ಲೀಪುರ ಕೆರಿಗೆ ಬರೋದೂ ಅದೇ ಡ್ಯಾಮಿನ ಕಾಲುವಿ ನೀರು. ಆ ವಾರ ಯಾರಾದರೂ ನಮಗ "ಇನ್ನ ಕಡಿಮಿ ನೀರು ಕುಡೀರಿ" ಅಂತ ಹೇಳಿದ್ರ ಹೆಂಗಿರತಿತ್ತು? ಮೊದಲು ಗೇಟು ಮುಚ್ಚಬೇಕಲ್ಲ.

ಇನ್ನ ಜಳಕದ ಮಾತು. ದಸರಾಕ್ಕ ಬಂದಾಗ ನಿನ್ನ ಶವರ್ ಕೆಳಗ ನಾ ಬಕೆಟ್ ಇಟ್ಟು ನೋಡಿದ್ದೆ. ಆವಾಗ ನಕ್ಕಿದ್ದಿ. 20 ಲೀಟರಿನ ಬಕೆಟ್ ಎರಡು ನಿಮಿಷಕ್ಕ ತುಂಬಿತು. ನೀ ಒಳಗ ಇರೋದು ಎಂಟು ನಿಮಿಷಕ್ಕ ಕಡಿಮಿ ಇಲ್ಲ, ಅಲ್ಲಿಗೆ 80 ಲೀಟರ್ ಆತು. ನಿನ್ನ ಅವ್ವ ಮಣಿ ಮ್ಯಾಲ ಕೂತು ತಂಬಿಗಿಲೆ ಹಾಕ್ಕೊಳ್ಳೋದು ಬಾಳ ಅಂದ್ರ ಒಂದೂವರಿ ಬಕೆಟ್, 30 ಲೀಟರ್. ಕಾಯ್ದೆ ಯಾರಿಗೆ ಬೇಕಿತ್ತು ನೀನೇ ಹೇಳು. ಸೋಪು ಹಚ್ಚಿಕೊಳ್ಳೋವಾಗ ಶವರ್ ಬಂದ್ ಮಾಡು, ಇಲ್ಲಾ ಬಕೆಟ್ಟಿಗೆ ಬಾ.

ಗೀಸರಿನದೂ ಒಂದೈತಿ. ಬಿಸಿನೀರು ಬರೋತನಕ ಮೊದಲು ಬರೋ ತಣ್ಣೀರನ್ನ ಮೋರಿಗೆ ಬಿಡ್ತೀರಿ. ಅದನ್ನ ಬಕೆಟ್ಟಿಗೆ ಹಿಡೀರಿ, ಹೆಂಗೂ ಬಿಸಿನೀರಿಗೆ ತಣ್ಣೀರು ಬೆರಸಬೇಕಲ್ಲ. ಒಂದು ಸಲಕ್ಕ ಹೋಗೋ ನೀರು ಕಡಿಮಿ ಆಗಲಿ ಅಂತ ಫ್ಲಶ್ ಟ್ಯಾಂಕಿನಾಗ ಇಟ್ಟಂಗಿ ಇಡೂದು ಕೇಳಿರಬೇಕು, ಬ್ಯಾಡ. ಕರಗಿ ಮಣ್ಣಾಗಿ ಆ ರಬ್ಬರಿನ ಸಂದಿಗೇ ಸೇರ್ತೈತಿ. ಒಂದು ಲೀಟರಿನ ಬಾಟ್ಲಿಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಫ್ಲೋಟಿಗೆ ತಾಕದಂಗ ಮೂಲ್ಯಾಗ ನಿಲ್ಲಿಸು. ಒಂದು ಸಲಕ್ಕ ಸ್ವಚ್ಛ ಆಗದೇ ಎರಡು ಸಲ ಒತ್ತೋದಾದ್ರ ತೆಗೆದುಬಿಡು, ಲಾಭ ಇಲ್ಲ.

ರಬ್ಬರ್ ತರಾಕ ಹೋದ್ರ ಹಳೇದನ್ನ ಬಿಚ್ಚಿ ಅಂಗಡಿಗೆ ಒಯ್ಯಿ, ಒಂದರ ಅಳತಿ ಒಂದಕ್ಕ ಕೂಡಂಗಿಲ್ಲ. ನಾ ಎರಡು ಸಲ ತಿರುಗಾಡೀನಿ. ನನ್ನ ಸೊಸಿಗೆ ಆವತ್ತು ಏನಂತ ಹೇಳಬೇಕೋ ತಿಳೀಲಿಲ್ಲ, ಹಳೇ ರಬ್ಬರ್ ತಂದು ಆಕಿ ಮುಂದ ಇಟ್ಟೆ. "ಇರಲಿ ಬಿಡ್ರಿ ಮಾವ" ಅಂದು ಚಾ ಇಟ್ಟಳು.

ಈ ಪತ್ರ ಅಕ್ಕನ ಮುಂದ ಓದಬ್ಯಾಡ. ಸಂಜೀಕ ಆಕಿ ಜಳಕಕ್ಕ ಹೋಗೋವಾಗ ಇನ್ನೊಂದು ಬಕೆಟ್ ತುಂಬಿ ಇಟ್ಟಿರು, ಸಾಕು.

ನಿನ್ನ ಸೋದರಮಾವ