ಮಗಳಿಗೊಂದು ಪತ್ರ: ತಾತನ ಯೆಜ್ಡಿ ಯಾವಾಗ ಕೈಕೊಡುತ್ತದೆ?

ಮಂಡ್ಯ
ಗುರುವಾರ

ಪುಟ್ಟಿ,

ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಹ್ಞೂಂ’ ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದ ಮಡಚಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೋ. ಗ್ರೀಸ್ ಹತ್ತಿದರೂ ಪರವಾಗಿಲ್ಲ.

‘ಗಾಡಿ ಸರಿಯಾಗಿ ಓಡ್ತಿಲ್ಲ ಅಮ್ಮಾ, ಗ್ಯಾರೇಜಿನವನು ಎಂಜಿನ್ ಇಳಿಸಬೇಕು ಅಂತಿದ್ದಾನೆ’ ಅಂದೆಯಲ್ಲ. ಎಂಜಿನ್ ಇಳಿಸೋದು ಕೊನೆಯ ಮಾತು ಕಣೇ. ಮೊದಲು ಒಂದು ಹೇಳು, ಯಾವಾಗ ಸರಿಯಾಗಿ ಓಡ್ತಿಲ್ಲ? ಬೆಳಿಗ್ಗೆ ತಣ್ಣಗಿರುವಾಗಲೋ, ಕಾದ ಮೇಲೋ? ಏರಿನಲ್ಲೋ? ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗಲೋ, ಸಿಗ್ನಲ್‌ನಲ್ಲಿ ನಿಂತಾಗಲೋ? ನಿಮ್ಮ ತಾತ ಈ ಯೆಜ್ಡಿ ಬೈಕ್ ತಯಾರಾದ ಮೈಸೂರಿನ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲೇ ಎಂಜಿನ್ ಜೋಡಿಸುತ್ತಿದ್ದವರು. ಸಂಜೆ ನಮ್ಮ ಮನೆ ಮುಂದೆ ಯಾರಾದರೂ ಗಾಡಿ ತಳ್ಳಿಕೊಂಡು ಬಂದು ನಿಂತೇ ಇರುತ್ತಿದ್ದರು. ತಾತ ಯಾರನ್ನೂ ‘ಏನಾಗಿದೆ’ ಅಂತ ಕೇಳುತ್ತಿರಲಿಲ್ಲ. ‘ಯಾವಾಗ ಆಗುತ್ತೆ’ ಅಂತಲೇ ಕೇಳುತ್ತಿದ್ದರು. ಏನಾಗಿದೆ ಅಂದರೆ ಎಲ್ಲರೂ ‘ಆಫ್ ಆಗುತ್ತೆ ಸಾರ್’ ಅನ್ನುತ್ತಾರೆ. ಅದರಿಂದ ಏನು ತಿಳಿಯುತ್ತದೆ? ಯಾವಾಗ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡುತ್ತಾ ಕಲಿತದ್ದು ಇಷ್ಟೇ.

ನಿನ್ನ ಮೆಸೇಜಿನಿಂದ ನನಗೆ ಅರ್ಥವಾಗಿದ್ದು ಇದು. ಬೆಳಿಗ್ಗೆ ಒಂದೆರಡು ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ತೊಂದರೆಯಿಲ್ಲ. ಮೈಸೂರು ಬಿಟ್ಟು ಶ್ರೀರಂಗಪಟ್ಟಣ ದಾಟುವಾಗ ಉಸಿರು ಕಟ್ಟಿದ ಹಾಗೆ ಎಳೆಯುತ್ತಾ ಎಳೆಯುತ್ತಾ ನಿಂತುಬಿಡುತ್ತದೆ. ನೀನು ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್. ಹೌದು ತಾನೆ? ಹೌದಾದರೆ ಎಂಜಿನ್ ಮುಟ್ಟಬೇಡ. ಪಿಸ್ಟನ್ ಸವೆದಿದ್ದರೆ ಬೆಳಿಗ್ಗೆಯೇ ಅಷ್ಟು ಸಲೀಸಾಗಿ ಸ್ಟಾರ್ಟ್ ಆಗುತ್ತಿರಲಿಲ್ಲ.

ಮುಂದಿನ ಸಲ ನಿಂತಾಗ ಟೀ ಅಂಗಡಿ ಹುಡುಕಬೇಡ. ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆ. ‘ಸುಸ್’ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಸ್ವಲ್ಪ ಹೊತ್ತಿಗೆ ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ತೂತು ಮುಚ್ಚಿದರೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದ್ದರೂ, ಅದನ್ನು ಗಾಳಿಯ ಜೊತೆ ಬೆರೆಸುವ ಕಾರ್ಬೊರೇಟರ್‌ಗೆ ಇಳಿಯುವುದಿಲ್ಲ. ನಿಂತ ಮೇಲೆ ಗಾಳಿ ಹೇಗೋ ನುಸುಳಿಕೊಂಡು ಒಳಗೆ ಸೇರುತ್ತದೆ, ಗಾಡಿ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲಾ ಸೇರುವ ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಅಂತ ಮುಚ್ಚಳಕ್ಕೆಲ್ಲಾ ಪಾಲಿಶ್ ಪೇಸ್ಟ್ ಹಚ್ಚಿ ಫಳಫಳ ಮಾಡಿದ್ದೆಯಲ್ಲ, ನನಗೆ ಅದರ ಮೇಲೇ ಅನುಮಾನ. ಸೂಜಿ ಹಾಕಿ ತೂತು ಬಿಡಿಸಿ, ಪೆಟ್ರೋಲಿನಲ್ಲಿ ತೊಳೆ.

ಮುಚ್ಚಳ ತೆಗೆದರೂ ಸ್ಟಾರ್ಟ್ ಆಗಲಿಲ್ಲ ಅಂದರೆ, ಎಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚು. ಕೈಗೆ ಬಟ್ಟೆ ಸುತ್ತಿಕೋ, ಸುಡುತ್ತದೆ. ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಕೆಳಗಿನ ಕಾಕ್‌ನಲ್ಲಿ (ಪೆಟ್ರೋಲ್ ಬಿಡುವ ನಲ್ಲಿ) ತುಕ್ಕು, ಕಸ ಕೂತಿರಬಹುದು. ಪೈಪ್ ಕಳಚಿ ಬಾಟಲಿಗೆ ಬಿಟ್ಟು ನೋಡು, ಧಾರೆ ಕಡಿಯದೆ ಬೀಳಬೇಕು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಮೈಯನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿಟ್ಟು ಕಿಕ್ ಹೊಡೆ. ಪ್ಲಗ್ಗಿನ ತೂತಿನಿಂದ ದೂರ ಇಡು, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತದೆ. ನೀಲಿ ಕಿಡಿ ಚಟ್ ಅಂತ ಹಾರಬೇಕು. ಮಂಕಾದ ಹಳದಿ ಕಿಡಿ ಇದ್ದರೆ ಸಾಲದು. ಒಂದು ಮಾತು, ಇದನ್ನೆಲ್ಲಾ ಗಾಡಿ ಬಿಸಿಯಾಗಿ ಕೆಟ್ಟು ನಿಂತಿರುವಾಗಲೇ ನೋಡಬೇಕು. ಮನೆಗೆ ತಳ್ಳಿಕೊಂಡು ಹೋಗಿ ತಣ್ಣಗಾದ ಮೇಲೆ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಗ್ಯಾರೇಜಿನವರಿಗೆ ದೋಷ ಸಿಗದೇ ಇರೋದು ಇದಕ್ಕೇ.

ಬಿಸಿಯಾದಾಗ ಮಾತ್ರ ಕಿಡಿ ಸಾಯುತ್ತಿದ್ದರೆ ಪಾಯಿಂಟ್ ಸುಡದ ಹಾಗೆ ಕಾಪಾಡುವ ಕಂಡೆನ್ಸರ್ ಕೆಟ್ಟಿರಬೇಕು, ಇಲ್ಲವೇ ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಇಗ್ನಿಷನ್ ಕಾಯಿಲ್. ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ ಕಾಣುತ್ತದೆ, ಕರೆಂಟನ್ನು ಕೂಡಿಸಿ ಕಡಿದು ಕಿಡಿ ಹುಟ್ಟಿಸುವ ಸಿಬಿ ಪಾಯಿಂಟ್ ಅಲ್ಲೇ ಇದೆ. ಸಂಜೆಗತ್ತಲಲ್ಲಿ ಎಂಜಿನ್ ಆನ್ ಇಟ್ಟು ಅದನ್ನು ನೋಡು. ಪಾಯಿಂಟ್ ತೆರೆದು ಮುಚ್ಚುವಾಗ ಸಣ್ಣ ಕಿಡಿ ಇರುವುದು ಸಹಜ. ಆದರೆ ವೆಲ್ಡಿಂಗ್ ಮಾಡಿದ ಹಾಗೆ ಬೆಳ್ಳಗೆ ಚಟಪಟ ಅಂತಿದ್ದರೆ ಕಂಡೆನ್ಸರ್ ಹೋಗಿದೆ ಅಂತಲೇ. ಅದು ಕೆಟ್ಟರೆ ಪಾಯಿಂಟಿನ ಮುಖವೂ ಸುಟ್ಟು ಗುಳಿ ಬೀಳುತ್ತದೆ. ಬರೀ ಪಾಯಿಂಟ್ ಬದಲಾಯಿಸಿ ಕಂಡೆನ್ಸರ್ ಹಳೆಯದನ್ನೇ ಬಿಟ್ಟರೆ, ಸ್ವಲ್ಪ ದಿನಕ್ಕೆ ಹೊಸ ಪಾಯಿಂಟ್ ಕೂಡ ಅದೇ ಗತಿ.

ಪಾಯಿಂಟಿನ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಪೂರ್ತಿ ತೆರೆದಾಗ ಎರಡು ಮುಖಗಳ ನಡುವೆ 0.4 ಮಿಲಿಮೀಟರ್ ಜಾಗ ಇರಬೇಕು. ಸಂದು ಅಳೆಯುವ ತೆಳು ಪಟ್ಟಿ, ಅದೇ ಫೀಲರ್ ಗೇಜ್, ತೂರಿಸಿದರೆ ಬಿಗಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು, ಸವರಿಕೊಂಡು ಹೋಗಬೇಕು. ಪಾಯಿಂಟಿಗೆ ಒಂದು ಫೈಬರ್ ಹಿಮ್ಮಡಿ ಇದೆ, ಅದು ತಿರುಗುತ್ತಾ ಪಾಯಿಂಟ್ ತೆರೆಯುವ ಕ್ಯಾಮ್ ಮೇಲೆ ಉಜ್ಜುತ್ತಾ ಇರುತ್ತದೆ. ಉಜ್ಜಿ ಉಜ್ಜಿ ಸವೆದಾಗ ಗ್ಯಾಪ್ ಕಮ್ಮಿಯಾಗುತ್ತದೆ. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡ. ಅಂದರೆ ಟೈಮಿಂಗ್, ಕಿಡಿ ಹಾರುವ ಹೊತ್ತು, ಯಾರೂ ಮುಟ್ಟದೆಯೇ ತಾನಾಗಿ ಹಿಂದೆ ಸರಿದಿರುತ್ತದೆ. ಆಗ ಗಾಡಿ ಎಳೆಯುವುದಿಲ್ಲ, ಎಂಜಿನ್ ಸುಮ್ನೆ ಬಿಸಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಜನ ‘ಎಂಜಿನ್‌ಗೆ ವಯಸ್ಸಾಯ್ತು’ ಅನ್ನುತ್ತಾರೆ. ಕ್ಯಾಮ್ ಪಕ್ಕದ ಬಟ್ಟೆಯಂಥ ಫೆಲ್ಟ್‌ಗೆ ಒಂದು ಹನಿ ಎಣ್ಣೆ ಬಿಟ್ಟಿದ್ದರೆ ಹಿಮ್ಮಡಿ ಅಷ್ಟು ಬೇಗ ಸವೆಯುತ್ತಿರಲಿಲ್ಲ. ಒಂದೇ ಹನಿ. ಜಾಸ್ತಿ ಬಿಟ್ಟರೆ ಪಾಯಿಂಟಿಗೆ ಸಿಡಿದು ಇನ್ನೊಂದು ರಗಳೆ.

ನಿನ್ನ ಸ್ನೇಹಿತ ಯಾರೋ ‘ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸು, ಬೇರೆ ಗಾಡಿಯ ಕಾರ್ಬೊರೇಟರ್ ಕೂರಿಸು’ ಅಂದನಂತೆ. ಎಲೆಕ್ಟ್ರಾನಿಕ್ ಇಗ್ನಿಷನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಾತನ ಗಾಡಿ, ಹಾಗೇ ಇರಬೇಕು ಅನ್ನುವ ಹಟವೂ ನನಗಿಲ್ಲ. ಆದರೆ ದೋಷ ಏನು ಅಂತ ತಿಳಿಯುವ ಮೊದಲು ಹಾಕಿಸಬೇಡ. ಮುಚ್ಚಳದ ತೂತು ಮುಚ್ಚಿದ್ದರೆ ಸಾವಿರಾರು ರೂಪಾಯಿಯ ಇಗ್ನಿಷನ್ ಹಾಕಿಸಿದರೂ ಗಾಡಿ ಶ್ರೀರಂಗಪಟ್ಟಣದಲ್ಲೇ ನಿಲ್ಲುತ್ತದೆ. ಹಾಗೇ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಪ್ಲಗ್, ಕಂಡೆನ್ಸರ್, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಜೆಟ್ ಎಲ್ಲಾ ಒಟ್ಟಿಗೆ ಬದಲಾಯಿಸಿ ಗಾಡಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ, ಅಲ್ವಾ?

ಇನ್ನು ಹೊಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬರುವುದು ಟೂ ಸ್ಟ್ರೋಕ್ ಗಾಡಿಯ ಹುಟ್ಟುಗುಣ. ಕಾದ ಮೇಲೂ ಬೆನ್ನ ಹಿಂದೆ ಬೀದಿ ಕಾಣದ ಹಾಗೆ ಬಿಳಿ ಹೊಗೆ ಬಂದರೆ ಗೇರ್ ಬಾಕ್ಸಿನ ಎಣ್ಣೆ ಎಷ್ಟಿದೆ ನೋಡು. ಎಣ್ಣೆ ಇಳಿದಿದ್ದು ಕೆಳಗೆ ಎಲ್ಲೂ ಸೋರಿಲ್ಲ ಅಂದರೆ ಎಣ್ಣೆ, ಗಾಳಿ ತಡೆಯುವ ರಬ್ಬರ್ ಬಳೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್, ಹೋಗಿದೆ, ಎಂಜಿನ್ ಆ ಎಣ್ಣೆಯನ್ನು ಎಳೆದುಕೊಂಡು ಸುಡುತ್ತಿದೆ. ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಅದೇ ಜಾಸ್ತಿ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ರೇಸ್ ಆಗುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಪೆಟ್ರೋಲಿನ ಜೊತೆ ಹೋಗಬೇಕಾದ ಎಣ್ಣೆಯೂ ಸಾಲದೆ ಒಂದು ದಿನ ಪಿಸ್ಟನ್ ಸೀಜ್, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಪ್ಲಗ್ ಕಾಫಿಪುಡಿ ಬಣ್ಣಕ್ಕಿದ್ದರೆ ನಿಶ್ಚಿಂತೆ. ಬೆಳ್ಳಗಿದ್ದರೆ ಗಾಡಿಯನ್ನು ದೂರ ಒಯ್ಯಬೇಡ.

ಪೆಟ್ರೋಲ್ ಹಾಕಿಸುವಾಗ ಲೀಟರಿಗೆ 40 ಮಿಲಿ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ), ಅಳೆದು ಹಾಕು. ‘ಎಂಜಿನ್ ಹಳೇದು, ಇನ್ನೊಂಚೂರು ಹಾಕಿ’ ಅಂತ ಬಂಕಿನ ಹುಡುಗರು ಹೇಳುತ್ತಾರೆ, ಕೇಳಬೇಡ. ಜಾಸ್ತಿಯಾದ ಎಣ್ಣೆ ಸೈಲೆನ್ಸರ್‌ನಲ್ಲಿ ಕರಿಯಾಗಿ ಕೂರುತ್ತದೆ. ನಮ್ಮ ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎಂಜಿನ್ ಆನ್ ಇಟ್ಟು ಎರಡರ ಬಾಯಿಗೂ ಒಂದು ಗೇಣು ದೂರದಲ್ಲಿ ಅಂಗೈ ಹಿಡಿ. ಎರಡೂ ಕಡೆ ಒಂದೇ ರಭಸದಲ್ಲಿ ಬಡಿಯಬೇಕು. ಒಂದು ಕಡೆ ಮೆತ್ತಗಿದ್ದರೆ ಆ ಬದಿಯ ಸೈಲೆನ್ಸರ್ ಒಳಗಿನ ಕೊಳವೆ, ಬ್ಯಾಫಲ್ ಅಂತಾರೆ, ಅದನ್ನು ತೆಗೆದು ಕರಿ ಕೆರೆದು ಹಾಕು. ಏರಿನಲ್ಲಿ ಎಳೆಯದ ಎಷ್ಟೋ ಯೆಜ್ಡಿಗಳು ಇಷ್ಟಕ್ಕೇ ಚಾಮುಂಡಿ ಬೆಟ್ಟ ಹತ್ತಿವೆ.

ಬೆಟ್ಟ ಅಂದ ಕೂಡಲೇ ನೆನಪಾಯಿತು. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡ. ಈ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಮಾತ್ರ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಜೋರಾಗಿ ಓಡುತ್ತಲೇ ಇರುತ್ತದೆ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇರು.

ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಇರುತ್ತದೆ. ನಮ್ಮ ಮಂಡ್ಯದ ಗದ್ದೆಗಳ ಕಬ್ಬಿನಂಥ ಕಬ್ಬಿನಿಂದಲೂ ಅದನ್ನು ಮಾಡುತ್ತಾರೆ, ಬೈಯುವ ಹಾಗೂ ಇಲ್ಲ ನೋಡು. ಆದರೆ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪ್ ಹೊಸದು ಹಾಕಿಸು. ಸುಮಾರು ದಿನ ಗಾಡಿ ತೆಗೆಯುವುದಿಲ್ಲ ಅಂದರೆ ಕಾಕ್ ಮುಚ್ಚಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಖಾಲಿಯಾಗಿ ತಾನೇ ಆಫ್ ಆಗುವವರೆಗೆ ಎಂಜಿನ್ ಓಡಿಸು. ಇಲ್ಲದಿದ್ದರೆ ಒಳಗೆ ಅಂಟು ಕಟ್ಟಿ ಸಣ್ಣ ಜೆಟ್ ಮುಚ್ಚಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ಆಫ್ ಆಗುತ್ತದೆ. ಜೆಟ್ಟಿಗೆ ತಂತಿ ತೂರಿಸಬೇಡ, ತೂತು ದೊಡ್ಡದಾಗುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸು ಸಾಕು.

ಬ್ಯಾಟರಿಯನ್ನೂ ಕಡೆಗಣಿಸಬೇಡ. ಈ ಗಾಡಿಗೆ ಕಿಡಿ ಬರುವುದು ಬ್ಯಾಟರಿಯಿಂದ. ಅದು ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವು ಅಷ್ಟೇ.

ಕೆಲವರು ‘ಫ್ಯಾಕ್ಟರಿಯೇ ಮುಚ್ಚಿಹೋಗಿದೆ, ಈ ಗಾಡಿ ಇಟ್ಕೊಂಡು ಏನ್ಮಾಡ್ತೀಯ’ ಅಂತ ನಿನಗೆ ಹೇಳುತ್ತಾರಂತೆ. 1961ರಲ್ಲಿ ಮೈಸೂರಿನಲ್ಲಿ ಗಾಡಿ ತಯಾರಿಕೆ ಶುರುವಾಯಿತು, 1996ಕ್ಕೆ ಬಾಗಿಲು ಹಾಕಿತು, ನಿಜ. ಆದರೆ ಅಲ್ಲಿ ಕೆಲಸ ಮಾಡಿದವರಿಂದ ಕಲಿತ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ. ಅಂಥ ಒಬ್ಬರನ್ನು ಹುಡುಕಿಕೋ. ಗುರುತು ಹಿಡಿಯುವುದು ಸುಲಭ. ನೀನು ಗಾಡಿ ನಿಲ್ಲಿಸಿದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳುವವನ ಹತ್ತಿರ ನಿಲ್ಲಬೇಡ. ‘ಒಂದ್ ರೌಂಡ್ ಹೋಗಿ ಬರ್ತೀನಿ ಕೊಡಮ್ಮ’ ಅನ್ನುವವರ ಕೈಗೆ ಕೀ ಕೊಡು. ಹಾಗೇ ಆರ್‌ಸಿ ನೋಡಿಕೋ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸಬೇಕು.

ಈ ಭಾನುವಾರ ಗಾಡಿಯಲ್ಲೇ ಬಾ. ಎಕ್ಸ್‌ಪ್ರೆಸ್‌ವೇ ಮೇಲೆ ಹತ್ತಬೇಡ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ನಿಧಾನವಾಗಿ ಬಾ. ದಾರಿಯಲ್ಲಿ ನಿಂತರೆ ಒಳ್ಳೆಯದೇ, ಮೇಲೆ ಬರೆದ ಹಾಗೆ ಮುಚ್ಚಳ ತೆಗೆ, ಪ್ಲಗ್ ನೋಡು, ಏನು ಕಂಡಿತು ಅಂತ ಫೋನ್ ಮಾಡು. ಬರುವಾಗ ಕಂಡೆನ್ಸರ್ ಎರಡು, ಹೊಸ ಪ್ಲಗ್ ಒಂದು, ಸೈಲೆನ್ಸರ್ ವಾಷರ್ ಒಂದು ಜೊತೆ ತಗೊಂಡು ಬಾ. ಇಲ್ಲಿ ಮಂಡ್ಯದಲ್ಲಿ ಕೇಳಿದೆ, ಸಿಗಲಿಲ್ಲ. ಫೀಲರ್ ಗೇಜ್ ತರಬೇಡ, ತಾತನದ್ದು ನನ್ನ ಹತ್ತಿರವೇ ಇದೆ.

ನಿಮ್ಮಪ್ಪನಿಗೆ ಗಾಡಿ ನಿಂತ ವಿಷಯ ಹೇಳಿಲ್ಲ. ಹೇಳಿದರೆ ‘ಒಂದು ಸ್ಕೂಟಿ ತಗೊಳ್ಳಿ ಅಂದ್ರೆ ಕೇಳಲ್ಲ’ ಅಂತ ಊಟದ ಹೊತ್ತಿಗೆ ಮತ್ತೆ ಶುರುಮಾಡುತ್ತಾರೆ. ನೀನೂ ಬಾಯಿ ಬಿಡಬೇಡ.

ಇಂತಿ,
ಅಮ್ಮ