ನಮ್ಮೂರಲ್ಲಿ ಎರಡು ಗುಡ್ಡ ಎಲ್ಲಿವೆ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಮಕ್ಕಳ ಪುಟದ ಬಗ್ಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಮಕ್ಕಳ ಚಿತ್ರಸ್ಪರ್ಧೆ ನಡೆಯಿತು. ಅದನ್ನು ನೋಡಿ ಬಂದ ಮೇಲೆ ತಡೆಯಲಾಗಲಿಲ್ಲ.

ಸ್ಪರ್ಧೆಗೆ ಕೊಟ್ಟ ವಿಷಯ 'ನಮ್ಮ ಊರು'. ಸುಮಾರು ನಲವತ್ತು ಮಕ್ಕಳು ಕೂತಿದ್ದರು. ಮುಕ್ಕಾಲು ಪಾಲು ಹಾಳೆಗಳಲ್ಲಿ ಅದೇ ಸೀನರಿ. ಎರಡು ಗುಡ್ಡ, ನಡುವೆ ಕಿರಣ ಚಾಚಿದ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲೊಂದು ಗುಡಿಸಲು, ಬಾಗಿದ ತೆಂಗಿನಮರ, ಆಕಾಶದಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂಥ ನಾಲ್ಕು ಹಕ್ಕಿ. ಐವತ್ತು ವರ್ಷದ ಹಿಂದೆ ನಾನೂ ಇದನ್ನೇ ಬಿಡಿಸಿದ್ದೆ. ನೀವೂ ಬಿಡಿಸಿರ್ತೀರಿ, ಅಲ್ವಾ? ಆದರೆ ಸ್ವಾಮಿ, ಇದು ವಿಜಯಪುರ. ಇಲ್ಲಿ ತಲೆ ಎತ್ತಿದರೆ ಕಾಣುವುದು ಗೋಲ್ ಗುಂಬಜ್. ಆ ಎರಡು ಗುಡ್ಡ ಎಲ್ಲಿಂದ ಬಂದವು?

ಒಬ್ಬಳು ಹುಡುಗಿ ಮಾತ್ರ ಟಾಂಗಾ ಬಿಡಿಸಿದ್ದಳು. ನಮ್ಮ ಓಣಿಯವಳೇ, ಐದನೇ ಕ್ಲಾಸು. ಟಾಂಗಾ ನಿಂತಿದೆ, ಕುದುರೆ ಹುಲ್ಲು ತಿಂತಾ ಇದೆ, ಗಾಡಿಯವ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದಾನೆ, ಅವನ ಚಪ್ಪಲಿ ಎರಡೂ ಕೆಳಗೆ ಒಂದರ ಮೇಲೊಂದು ಬಿದ್ದಿವೆ. ಆ ಚಪ್ಪಲಿ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಇದನ್ನು ಯಾರೂ ಹೇಳಿಕೊಟ್ಟಿರಲಾರರು, ನೋಡಿದವರಿಗಷ್ಟೇ ಗೊತ್ತಿರುವ ಸಂಗತಿ. ಬಹುಮಾನ ಬಂದದ್ದು ಸೀನರಿಗೆ. ತೀರ್ಪುಗಾರರು ಆ ಹುಡುಗಿಗೆ "ಕುದುರೆ ಕಾಲು ಸರಿ ಬಂದಿಲ್ಲ, ಸುಮ್ನೆ ಸೀನರಿ ಬಿಡಿಸಬಾರದಿತ್ತಾ" ಅಂದರಂತೆ.

ನಾನೇನೂ ಚಿತ್ರಕಾರ ಅಲ್ಲ. ಬ್ಯಾಂಕಿನಲ್ಲಿ ಕ್ಯಾಶ್ ಎಣಿಸಿ ನಿವೃತ್ತನಾದವನು. ಆರು ವರ್ಷದಿಂದ ಒಂದು ಸ್ಕೆಚ್ ಬುಕ್ ಇಟ್ಟುಕೊಂಡಿದ್ದೇನೆ, ಈಗ ಅವು ಹನ್ನೊಂದಾಗಿವೆ. ಸಾಮಾನು ಜಾಸ್ತಿ ಏನಿಲ್ಲ. ಹನ್ನೆರಡು ಬಿಲ್ಲೆಯ ವಾಟರ್ ಕಲರ್ ಡಬ್ಬಿ, ಒಂದು ದುಂಡು ಬ್ರಷ್, ಹಳೆ ಕರ್ಚೀಫು, ನೀರಿಗೆ ಕೆಮ್ಮಿನ ಔಷಧಿ ಅಳೆಯುವ ಮುಚ್ಚಳ. ಕಾಗದದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಮೊದಲು ಮೊಮ್ಮಗನ ಡ್ರಾಯಿಂಗ್ ಪುಸ್ತಕದಲ್ಲೇ ಶುರು ಮಾಡಿದೆ, ನೀರು ಬಿದ್ದ ಕೂಡಲೇ ಹಾಳೆ ಹಪ್ಪಳದ ಹಾಗೆ ಸುರುಳಿ ಸುತ್ತಿತು. ಈಗ 300 ಜಿಎಸ್ಎಂ ದಪ್ಪದ ಹಾಳೆಯ ಪುಸ್ತಕ ತರಿಸುತ್ತೇನೆ. ದುಬಾರಿ, ನಿಜ. ಮನೆಯವಳು ಬಿಲ್ಲು ಕೇಳಿದರೆ ಮಾತು ಬದಲಿಸುತ್ತೇನೆ.

ಇದರಿಂದ ಏನು ಸಿಕ್ಕಿತು ಅಂದರೆ, ಗೋಲ್ ಗುಂಬಜ್ ಸಿಕ್ಕಿತು. ನಗಬೇಡಿ. ನಾನು ಈ ಊರಲ್ಲೇ ಹುಟ್ಟಿದವನು. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್, ಅಲ್ಲಿ ಸಮಾಧಿಯಾಗಿರುವ ಸುಲ್ತಾನ ಮೊಹಮ್ಮದ್ ಆದಿಲ್ ಶಾ ತೀರಿಕೊಂಡಿದ್ದು 1656 ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಊರಿಗೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿಸಿದ್ದೆ. ಆದರೆ ನಾಲ್ಕು ಮೂಲೆಯ ಮಿನಾರುಗಳಿಗೆ ಎಷ್ಟು ಅಂತಸ್ತು ಅಂತ ಕೇಳಿದ್ದರೆ ನಾಲ್ಕೋ ಐದೋ ಅಂತಿದ್ದೆ. ಪೆನ್ಸಿಲ್ ಹಿಡಿದು ಎದುರು ಕೂತ ದಿನ ಎಣಿಸಲೇಬೇಕಾಯಿತು. ಏಳು! ಒಂದೊಂದು ಮಿನಾರಿಗೂ ಎಂಟು ಮುಖ, ಸುತ್ತ ಕಮಾನಿನ ಕಿಟಕಿ. ದೊಡ್ಡ ಗುಮ್ಮಟದ ಬುಡದಲ್ಲಿ ಹೂವಿನ ದಳಗಳ ಸಾಲು ಇದೆ, ಗುಮ್ಮಟ ಅದರೊಳಗಿಂದ ಮೊಗ್ಗಿನ ಹಾಗೆ ಎದ್ದು ಬರುತ್ತದೆ. ಅರವತ್ತು ವರ್ಷ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಫೋಟೋ ನೂರಾರು ತೆಗೆದಿದ್ದೆ, ಆದರೆ ಫೋಟೋ ತೆಗೆಯುವಾಗ ನಾವು ನೆಂಟರ ಮುಖ ನೋಡ್ತೀವಿ, ಕಟ್ಟಡ ನೋಡಲ್ಲ.

ಮಣ್ಣಿನ ಕತೆಯೂ ಹಾಗೇ. ನಮ್ಮ ಕಡೆ ಎರೆ ಭೂಮಿ, ಕರಿ ಮಣ್ಣು. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ ಬಿಡಿಸಲು ಹೋದಾಗ ಮಣ್ಣಿಗೆ ಕಪ್ಪು ಬಣ್ಣ ಬಳಿದೆ. ಡಾಂಬರು ರಸ್ತೆ ಥರ ಕಂಡಿತು. ಆಮೇಲೆ ನಿಧಾನವಾಗಿ ನೋಡಿದೆ. ಒಣಗಿದ ಹೆಂಟೆ ಬೂದಿ ಬಣ್ಣ, ಬಿರುಕಿನೊಳಗೆ ಕಂದು, ನೀರು ಬಿಟ್ಟ ಕಡೆ ಸ್ವಲ್ಪ ನೇರಳೆಗೆ ತಿರುಗಿದ ಹಾಗೆ. ಡಬ್ಬಿಯ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಇಟ್ಟಿಗೆ ಕಂದು ಬೆರೆಸಿದರೆ ಇವೆಲ್ಲವೂ ಬರುತ್ತವೆ. ನೀಲಿ ಜಾಸ್ತಿ ಆದರೆ ಮಳೆಮೋಡ, ಕಂದು ಜಾಸ್ತಿ ಆದರೆ ನಮ್ಮ ಹೊಲ. ಅಂದಿನಿಂದ ಕಪ್ಪು ಬಿಲ್ಲೆ ಮುಟ್ಟಿಲ್ಲ.

ಊರೂರಿಗೆ ಬಣ್ಣದ ಸ್ವಭಾವವೂ ಬೇರೆ. ಇಲ್ಲಿ ಏಪ್ರಿಲ್ ಮಧ್ಯಾಹ್ನ ಆಕಾಶಕ್ಕೆ ನೀಲಿ ಬಳಿಯಲು ಹೊರಟರೆ ಆ ಬದಿ ಮುಟ್ಟುವಷ್ಟರಲ್ಲಿ ಈ ಬದಿ ಒಣಗಿ ಗೆರೆ ಬಿದ್ದಿರುತ್ತದೆ. ಜುಲೈನಲ್ಲಿ ಮಗಳ ಮನೆಗೆ ಕುಂದಾಪುರಕ್ಕೆ ಹೋಗಿದ್ದೆ. ಅಲ್ಲಿ ಅರ್ಧ ಗಂಟೆಯಾದರೂ ಒಣಗುವ ಮಾತೇ ಇಲ್ಲ. ಊಟಕ್ಕೆ ಕರೆದರು ಅಂತ ಪುಸ್ತಕ ಮುಚ್ಚಿದೆ, ಹೆಂಚಿನ ಮನೆ ಹೋಗಿ ಎದುರಿನ ಪುಟದ ಮೀನು ಮಾರುವಾಕೆಯ ಮುಖಕ್ಕೆ ಅಂಟಿಕೊಂಡಿತು. ಎರಡೂ ಹಾಳಾದವು, ಆದರೆ ಆ ಪುಟ ಹರಿದು ಹಾಕಿಲ್ಲ.

ರೈಲಿನಲ್ಲಿ ಬಿಡಿಸುವುದಾದರೆ ಮಲಗಿದವರನ್ನೇ ಬಿಡಿಸಬೇಕು. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಎದುರಿನ ಸೀಟಿನವರಿಗೆ ಗೊತ್ತಾದರೆ ಸಾಕು, ಕೂದಲು ಬಾಚಿಕೊಂಡು, ಆಧಾರ್ ಕಾರ್ಡಿಗೆ ಫೋಟೋ ತೆಗೆಸುವವರ ಹಾಗೆ ಕೂತುಬಿಡುತ್ತಾರೆ.

ಅದೇ ರೈಲಿನಲ್ಲಿ ಒಮ್ಮೆ ಮೈಸೂರಿಗೆ ಹೋದವನು ಜಗನ್ಮೋಹನ ಅರಮನೆಗೆ ಹೋಗಿದ್ದೆ. ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ಅದು ರವಿವರ್ಮನ ಎಣ್ಣೆಬಣ್ಣದ ಚಿತ್ರ ಅಂತಲೇ ನಾನು ನಂಬಿದ್ದೆ, ನನ್ನ ಹಾಗೆ ನಂಬಿದವರು ಬೇಕಾದಷ್ಟು ಜನ. ಅಲ್ಲ. ಬಿಡಿಸಿದ್ದು ಎಸ್.ಎಲ್. ಹಲ್ದಂಕರ್, ಅದೂ ವಾಟರ್ ಕಲರಿನಲ್ಲಿ, ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು. ನಮ್ಮ ಡಬ್ಬಿಯಲ್ಲಿರುವಂಥ ನೀರುಬಣ್ಣವೇ! ಈ ಬಣ್ಣದಲ್ಲಿ ಬೆಳಕು ಬೇಕಾದ ಕಡೆ ಬಿಳಿ ಬಳಿಯುವುದಿಲ್ಲ, ಬರಿ ಕಾಗದವನ್ನೇ ಉಳಿಸಿಕೊಳ್ಳಬೇಕು. ಅಂದರೆ ಬೆಳಕು ಎಲ್ಲಿ ಬೀಳುತ್ತಿದೆ ಅಂತ ಬ್ರಷ್ ಅದ್ದುವ ಮೊದಲೇ ನೋಡಿಟ್ಟುಕೊಂಡಿರಬೇಕು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಿಡಿಸಿದ ರುಮಾಲೆ ಚನ್ನಬಸವಯ್ಯನವರೂ ಮರದ ಎದುರೇ ಹೋಗಿ ಕೂರುತ್ತಿದ್ದರು. ದೊಡ್ಡವರೇ ಹೀಗೆ ಎದುರಿಗಿಟ್ಟುಕೊಂಡು ಬಿಡಿಸಿರುವಾಗ ಮಕ್ಕಳಿಗೆ ಮಾತ್ರ ಕಾಣದ ಗುಡ್ಡ ಯಾಕೆ?

ಈಗ ನಿಮ್ಮ ಪುಟದ ವಿಷಯ. ಪ್ರತಿ ವಾರ ಐದಾರು ಮಕ್ಕಳ ಚಿತ್ರ ಹಾಕ್ತೀರಿ, ಸಂತೋಷ. ಅದರಲ್ಲಿ ಮೂರಾದರೂ ಸೀನರಿ, ಉಳಿದವು ಕಾರ್ಟೂನ್ ನೋಡಿ ನಕಲು ಮಾಡಿದ್ದು. ಮಕ್ಕಳ ತಪ್ಪಲ್ಲ. ಪೇಪರಿನಲ್ಲಿ ಬಂದದ್ದನ್ನು ನೋಡಿಯೇ ಮುಂದಿನ ವಾರದ ಮಗು ಬಿಡಿಸುತ್ತದೆ. ದಯವಿಟ್ಟು ಒಂದೇ ಒಂದು ಚಿತ್ರದ ಜಾಗವನ್ನು 'ನಾನು ಕಂಡಿದ್ದು' ಅಂತ ಬಿಟ್ಟುಕೊಡಿ. ಎಲ್ಲಿ, ಯಾವ ಹೊತ್ತಲ್ಲಿ ಕೂತು ಬಿಡಿಸಿದೆ ಅಂತ ಮಗು ಕೆಳಗೆ ಬರೆಯಲಿ. ನೀರಿನ ಟ್ಯಾಂಕರ್ ಮುಂದೆ ಸಾಲಾಗಿ ಇಟ್ಟ ಕೊಡ, ಅಜ್ಜಿಯ ಕನ್ನಡಕದ ಡಬ್ಬಿ, ಬಸ್ ಸ್ಟ್ಯಾಂಡಿನ ನಾಯಿ, ಏನಾದರೂ ಸರಿ. ಅರ್ಧಕ್ಕೆ ನಿಂತದ್ದೂ ಬರಲಿ, ಬಸ್ ಬಂತು ಅಂತ ಎಷ್ಟೋ ಪುಟ ನನ್ನಲ್ಲೂ ಅರ್ಧಕ್ಕೇ ನಿಂತಿವೆ. ಬಹುಮಾನ ಏನೂ ಬೇಡ. ಬಹುಮಾನ ಅಂದ ತಕ್ಷಣ ಅಪ್ಪ ಅಮ್ಮ ಬ್ರಷ್ ಕಿತ್ತುಕೊಳ್ಳುತ್ತಾರೆ.

ಆ ಟಾಂಗಾ ಚಿತ್ರವನ್ನು ಅವಳ ಅಪ್ಪನ ಒಪ್ಪಿಗೆ ಪಡೆದು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಹಾಕುವ ಹಾಗಿದ್ದರೆ ಚಪ್ಪಲಿ ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ಕುದುರೆಗೆ ಕಾಲು ಐದು ಕಂಡರೆ ಗಾಬರಿಯಾಗಬೇಡಿ. ನಾನೂ ಹಾಗೇ ಎಣಿಸಿ ಅವಳನ್ನು ಕೇಳಿದೆ. "ಅಜ್ಜಾ, ಅದೊಂದು ಟಾಂಗಾಕ್ಕೆ ಆನಿಸಿದ ಕಟ್ಟಿಗೆ" ಅಂದಳು.

ನಿಮ್ಮ ಹಳೆಯ ಓದುಗ,
ನಿವೃತ್ತ ಬ್ಯಾಂಕ್ ನೌಕರ, ವಿಜಯಪುರ