ಬೆಂಗಳೂರು ಬಿಡೋ ಮುಂಚೆ

ಮಂಡ್ಯ

ಚಿ. ರಘುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಸಂಸಾರ ಮೈಸೂರಿಗೆ ಸಾಗಿಸೋಕೆ ನೀನು ಕೊಟ್ಟಿರೋ ಕಾರಣಗಳೆಲ್ಲ ಬೆಂಗಳೂರಿನ ಮೇಲಿನ ದೂರೇ: ಟ್ರಾಫಿಕ್ಕು, ಟ್ಯಾಂಕರ್ ನೀರು, ಬಾಡಿಗೆ. ಯಾವುದೂ ಸುಳ್ಳಲ್ಲ. ಆದರೆ ಈ ಕೆಲಸ ಹೋದರೆ ಮೈಸೂರಲ್ಲಿ ಏನು ಮಾಡ್ತೀಯ ಅನ್ನೋದಕ್ಕೆ ಒಂದು ಸಾಲೂ ಇಲ್ವಲ್ಲಪ್ಪ. ಬೆಂಗಳೂರಿನ ಕೆಲಸ ಇಟ್ಟುಕೊಂಡು ಮೈಸೂರಲ್ಲಿ ಮನೆ ಮಾಡಿದೋರಿಗೆ ಪೆಟ್ಟು ಬೀಳೋದು ಕಂಪನಿ ‘ವಾರಪೂರ್ತಿ ಆಫೀಸಿಗೆ ಬನ್ನಿ’ ಅಂದಾಗ. ಎರಡು ದಿನ ಬಂದರೆ ಸಾಕು ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದನ್ನ ನಂಬ್ಕೊಂಡು ಗಂಟುಮೂಟೆ ಕಟ್ಟಬೇಡ, ಎಚ್‌ಆರ್‌ನಿಂದ ಬರವಣಿಗೇಲಿ ತಗೋ. ಸೊಸೆ ಕೆಲಸದ ಗತಿ ಏನು ಅಂತಾನೂ ನೀನು ಬರೆದಿಲ್ಲ.

ಓಡಾಟದ ಲೆಕ್ಕ ಹೇಳ್ತೀನಿ, ಎಕ್ಸ್‌ಪ್ರೆಸ್‌ವೇ ನೋಡಿ ಮೋಸ ಹೋಗೋರೇ ಜಾಸ್ತಿ. ನಿನ್ನ ಆಫೀಸು ವೈಟ್‌ಫೀಲ್ಡ್‌ನಲ್ಲಿದೆ. ಮೈಸೂರಿಂದ ಮೆಜೆಸ್ಟಿಕ್‌ಗೆ ರೈಲಲ್ಲಿ ಎರಡೂವರೆ, ಮೂರು ಗಂಟೆ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ಇನ್ನೊಂದು ಗಂಟೆ. ಮನೆಯಿಂದ ಸ್ಟೇಷನ್ನು, ಕಾಯೋದು ಎಲ್ಲ ಸೇರಿ ಹೋಗಿ ಬರೋದಕ್ಕೆ ಒಂಬತ್ತು ಗಂಟೆ ಹಿಡಿ. ಸೀಸನ್ ಪಾಸು 150 ಕಿ.ಮೀ. ವರೆಗೆ ಕೊಡ್ತಾರೆ, ಮೈಸೂರು ಅದರೊಳಗೇ ಬರುತ್ತೆ. ಆದರೆ ರಿಸರ್ವೇಶನ್ ಬೋಗಿಗೆ, ಶತಾಬ್ದಿಗೆ, ವಂದೇ ಭಾರತ್‌ಗೆ ಅದು ನಡೆಯಲ್ಲ. ಬೆಳಿಗ್ಗೆ ಮೈಸೂರಲ್ಲಿ ಹತ್ತಿದೋರಿಗೆ ಸೀಟು ಸಿಗುತ್ತೆ. ಸಂಜೆ ಕೆಂಗೇರೀಲಿ ಹತ್ತಿದರೆ ಮದ್ದೂರು, ಮಂಡ್ಯದವರು ಇಳಿಯೋ ತನಕ ನಿಂತಿರಬೇಕು. ಅದಕ್ಕೇ ಆಫೀಸಿನ ಎರಡು ದಿನಾನೂ ಒಟ್ಟಿಗೇ ಕೇಳ್ಕೊ, ಮಂಗಳವಾರ-ಬುಧವಾರ ಅಂತ. ನಡುವೆ ಒಂದು ರಾತ್ರಿ ಪಿಜೀಲಿ ಇದ್ದುಬಿಡು. ಬೈಕ್ ಅಂತೂ ಬೇಡ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡ್ತಿಲ್ಲ, ಸರ್ವಿಸ್ ರಸ್ತೇಲೇ ಹೋಗಬೇಕು.

ಮನೆ ನೋಡುವಾಗ ಪೇಂಟು, ಟೈಲ್ಸ್ ಆಮೇಲೆ ನೋಡು, ಮೊದಲು ಬಚ್ಚಲಿಗೆ ಹೋಗು. ನಲ್ಲಿ ಬಾಯಿ, ಷವರ್ ತೂತಿನ ಸುತ್ತ ಬಿಳೀ ಸುಣ್ಣ ಗಟ್ಟಿಯಾಗಿ ಕಟ್ಟಿದ್ದರೆ ಅದು ಬೋರ್‌ವೆಲ್ ನೀರು, ಓನರ್ ‘ಕಾವೇರಿ ಬರುತ್ತೆ’ ಅಂತ ಏನೇ ಹೇಳಲಿ. ಸೋಲಾರ್ ಪೈಪೂ ಕಟ್ಟಿಕೊಳ್ಳುತ್ತೆ. ಮೈಸೂರಿನ ರಿಂಗ್ ರಸ್ತೆ ಆಚೆಯ ಖಾಸಗಿ ಬಡಾವಣೆಗಳಲ್ಲಿ ಎಷ್ಟೋ ಕಡೆ ಇದೇ ಪಾಡು, ಒಳಚರಂಡಿದೂ ರಗಳೆ. ನೀರು ಯಾವ ದಿನ, ಎಷ್ಟು ಹೊತ್ತು ಬಿಡ್ತಾರೆ ಅಂತ ಪಕ್ಕದ ಮನೆಯವರನ್ನ ಕೇಳು.

ಬೆಂಗಳೂರಿನ ಅಡ್ವಾನ್ಸ್ ನಂಬಿಕೊಂಡು ಮೈಸೂರಲ್ಲಿ ಮಾತು ಕೊಡಬೇಡ. ಹೊಸ ಬಾಡಿಗೆದಾರ ಬರೋ ತನಕ ದುಡ್ಡು ಬಿಡದ ಓನರ್‌ಗಳಿದ್ದಾರೆ, ಬಂದಾಗಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ತಾರೆ. ನೋಟಿಸ್ ವಾಟ್ಸಾಪ್‌ನಲ್ಲಾದರೂ ಬರೆದೇ ಕೊಡು, ಗೋಡೆಗಳ ಫೋಟೋ ತೆಗೆದಿಟ್ಟುಕೊ.

ಗೃಹಜ್ಯೋತಿಯಲ್ಲಿ ಹಳೇ ಮನೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ಜೋಡಿಸಿದ ಆಧಾರ್ ಬಿಡಿಸಿಕೊಳ್ಳದೆ ಹೊಸ ಮನೇಲಿ ಅರ್ಜಿ ಹಾಕೋಕೆ ಆಗಲ್ಲ. ಗ್ಯಾಸ್ ಸಿಲಿಂಡರು, ರೆಗ್ಯುಲೇಟರು ಬೆಂಗಳೂರಿನ ಏಜೆನ್ಸೀಲೇ ಒಪ್ಪಿಸಿ ವೋಚರ್ ತಗೊಂಡು ಬಾ.

ಇನ್ನು ಹೊತ್ತಿನ ಮಾತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸಲ್ಲ, ಖಾಲಿ ಮನೆ ಇಟ್ಟುಕೊಂಡಿರೋ ಓನರ್ ಆಗ ಬಾಡಿಗೆ ಇಳಿಸ್ತಾನೆ. ಆದರೆ ಮಗು ಸ್ಕೂಲು ಅಷ್ಟರಲ್ಲಿ ಶುರುವಾಗಿರುತ್ತೆ. ನನ್ನ ಕೇಳಿದರೆ ಚೌಕಾಸಿ ಆಸೆ ಬಿಡು. ಏಪ್ರಿಲ್‌ನಲ್ಲೇ ಟಿಸಿ ತಗೊಂಡು ಮೇ ಒಳಗೆ ಹಾಲುಕ್ಕಿಸಿಬಿಡಿ. ಎಚ್‌ಆರ್ ಕಾಗದ ಅಷ್ಟರಲ್ಲಿ ಬರದಿದ್ದರೆ ಒಂದು ವರ್ಷ ಅಲ್ಲೇ ಇರಿ.

ಇಂತಿ,
ನಿನ್ನ ದೊಡ್ಡಪ್ಪ